ಮೊದಲು ಕಥೆ, ಆಮೇಲೆ ಗೂಢಾರ್ಥ: ಸಭಾಪಿತೃಗಳ ಕ್ರಮದಲ್ಲಿ ಸತ್ಯವೇದದ ಪಾಠ ಕಟ್ಟುವುದು ಹೇಗೆ

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಸಭೆಗಳಲ್ಲಿ ಸಂಡೇ ಸ್ಕೂಲ್ ನಡೆಸುವವರು, ಧರ್ಮೋಪದೇಶದ ತರಗತಿ ತೆಗೆದುಕೊಳ್ಳುವವರು, ಮನೆಕೂಟದಲ್ಲಿ ವಾಕ್ಯ ವಿವರಿಸುವವರು, ಇವರಿಗಾಗಿ ಈ ಕೈಪಿಡಿ. ಸಭಾಪಿತೃಗಳು ಅಂದರೆ ಸಭೆಯ ಮೊದಲ ಶತಮಾನಗಳ ಗುರುಗಳು, ಬರಹಗಾರರು; ಕೆಳಗೆ ಹೆಸರು ಬರುವ ಹಳೆಯ ಬೋಧಕರೆಲ್ಲ ಅವರೇ. ದೈವಶಾಸ್ತ್ರ ಓದಿರಬೇಕೆಂದೇನಿಲ್ಲ. ಸತ್ಯವೇದದ ಎರಡು ಬೇರೆ ಬೇರೆ ಕನ್ನಡ ಅನುವಾದ, ಒಂದು ಉದ್ದ ನೋಟ್‌ಬುಕ್ಕು, ವಾರದಲ್ಲಿ ಎರಡು ಗಂಟೆ ಬಿಡುವು ಇದ್ದರೆ ಸಾಕು.

ಕ್ರಿ.ಶ. 150ರ ಆಸುಪಾಸಿನಲ್ಲಿ ರೋಮ್‌ನಲ್ಲಿದ್ದ ಜಸ್ಟಿನ್ ಭಾನುವಾರದ ಕೂಟ ಹೇಗೆ ನಡೆಯುತ್ತಿತ್ತೆಂದು ಬರೆದಿಟ್ಟಿದ್ದಾನೆ. ಅಪೊಸ್ತಲರ ನೆನಪಿನ ಬರಹಗಳನ್ನೋ ಪ್ರವಾದಿಗಳ ಗ್ರಂಥಗಳನ್ನೋ ಹೊತ್ತು ಇರುವಷ್ಟೂ ಓದುತ್ತಿದ್ದರು. ಓದುವವನು ನಿಲ್ಲಿಸಿದ ಮೇಲೆ ಸಭೆಯ ಹಿರಿಯ ಎದ್ದು, ಕೇಳಿದ್ದನ್ನು ನಡೆಯಲ್ಲಿ ತನ್ನಿರಿ ಎಂದು ಬುದ್ಧಿ ಹೇಳುತ್ತಿದ್ದ. 380ರ ದಶಕದ ಆರಂಭದಲ್ಲಿ ಯೆರೂಸಲೇಮಿಗೆ ಯಾತ್ರೆ ಹೋದ ಎಜೀರಿಯಾ ಎಂಬ ಹೆಂಗಸು ಅಲ್ಲಿಯ ಪಾಠಕ್ರಮವನ್ನು ಇನ್ನೂ ಸ್ಪಷ್ಟವಾಗಿ ಬರೆದಿದ್ದಾಳೆ. ದೀಕ್ಷಾಸ್ನಾನಕ್ಕೆ ತಯಾರಾಗುವವರಿಗೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ದಿನಕ್ಕೆ ಮೂರು ಗಂಟೆ ಪಾಠ. ಬಿಷಪರೇ ಕೂತು ಆದಿಕಾಂಡದಿಂದ ಶುರುಮಾಡಿ ಮೊದಲು ಅಕ್ಷರಾರ್ಥ, ಆಮೇಲೆ ಆತ್ಮಿಕ ಅರ್ಥ, ಅಂದರೆ ಗೂಢಾರ್ಥ ಹೇಳುತ್ತಿದ್ದರು. ಐದು ವಾರ ಕಳೆದ ಮೇಲೆ ವಿಶ್ವಾಸಪ್ರಮಾಣ ಕಲಿಸುತ್ತಿದ್ದರು.

ಮೊದಲು ಅದು, ಆಮೇಲೆ ಇದು ಎಂಬ ಈ ಕ್ರಮದಲ್ಲೇ ಎಲ್ಲ ಗುಟ್ಟೂ ಇದೆ. ನಮ್ಮ ತರಗತಿಗಳಲ್ಲಿ ಪಾಠ ಕೆಡುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಒಂದು, ವಾಕ್ಯ ಓದಿದ ಮರುಗಳಿಗೆಗೇ "ಇದರಿಂದ ನಾವು ಕಲಿಯುವ ಪಾಠ ಏನೆಂದರೆ" ಎಂದು ನೀತಿಗೆ ಹಾರುವುದು. ಇನ್ನೊಂದು, ಕಥೆಯಲ್ಲಿ ಕತ್ತೆ ಬಂದರೂ ಕಲ್ಲು ಬಂದರೂ ಅದಕ್ಕೊಂದು ಗುಪ್ತಾರ್ಥ ಹಚ್ಚುವುದು. ಎರಡರಲ್ಲೂ ಕಥೆ ಸತ್ತುಹೋಗುತ್ತದೆ.

ಎಷ್ಟು ಓದಬೇಕು, ಹೇಗೆ ಓದಬೇಕು

ಒಂದು ತರಗತಿಗೆ 10ರಿಂದ 15 ವಚನ ಸಾಕು. ಒಂದು ಪೂರ್ತಿ ಅಧ್ಯಾಯ ಇಟ್ಟುಕೊಂಡರೆ ಅಕ್ಷರಾರ್ಥಕ್ಕೇ ಹೊತ್ತು ಸಾಲುವುದಿಲ್ಲ. ಇಲ್ಲಿ ಉದಾಹರಣೆಗೆ ಲೂಕ 10:25–37, ಒಳ್ಳೇ ಸಮಾರ್ಯದವನ ಸಾಮ್ಯ ಇಟ್ಟುಕೊಳ್ಳೋಣ: ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಕಂಡು ದೇವಾಲಯದ ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದರು, ಸಮಾರ್ಯದವನೊಬ್ಬ ಎತ್ತಿ ಛತ್ರಕ್ಕೆ ಸೇರಿಸಿ ಖರ್ಚು ಕೊಟ್ಟ. 13 ವಚನ, ಅಳತೆಗೆ ಸರಿಯಾಗಿದೆ.

ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿಕೊಂಡರೆ ಆಗುವುದಿಲ್ಲ, ಬಾಯಿಬಿಟ್ಟೇ ಓದಬೇಕು. ಆ ಕಾಲದ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ವಿರಾಮಚಿಹ್ನೆಯೂ ಅಷ್ಟಕ್ಕಷ್ಟೆ. ಎಲ್ಲಿ ಉಸಿರು ನಿಲ್ಲಿಸಬೇಕೆಂದು ತೀರ್ಮಾನಿಸುವುದೇ ಅರ್ಥ ಬಿಡಿಸುವ ಮೊದಲ ಕೆಲಸವಾಗಿತ್ತು. ಉತ್ತರ ಆಫ್ರಿಕದ ಹಿಪ್ಪೋದ ಬಿಷಪ್ ಅಗಸ್ಟೀನ್ (354–430) ಕ್ರೈಸ್ತ ಬೋಧನೆಯ ಬಗ್ಗೆ ಬರೆದ ನಾಲ್ಕು ಭಾಗಗಳ ಗ್ರಂಥದಲ್ಲಿ ಇದಕ್ಕೆ ಯೋಹಾನ 1:1ರ ಉದಾಹರಣೆ ಕೊಡುತ್ತಾನೆ. ಕ್ರಿಸ್ತನ ದೈವತ್ವ ಒಪ್ಪದವರು "ವಾಕ್ಯವು ದೇವರ ಬಳಿಯಲ್ಲಿತ್ತು, ದೇವರು ಇದ್ದನು" ಎಂದು ಅಲ್ಲಿಗೆ ನಿಲ್ಲಿಸಿ, "ಈ ವಾಕ್ಯವು ಆದಿಯಲ್ಲಿ" ಎಂದು ಹೊಸ ವಾಕ್ಯ ಶುರುಮಾಡುತ್ತಿದ್ದರಂತೆ. ಅಕ್ಷರ ಒಂದೂ ಬದಲಾಗಲಿಲ್ಲ, ಅರ್ಥ ಮಾತ್ರ ತಲೆಕೆಳಗಾಯಿತು. ನಿಲುಗಡೆಯಲ್ಲಿ ಅನುಮಾನ ಬಂದರೆ ಮೊದಲು ಸಭೆಯ ವಿಶ್ವಾಸಕ್ಕೆ ಹಿಡಿದು ನೋಡು, ಆಮೇಲೆ ಹಿಂದುಮುಂದಿನ ಮಾತು ನೋಡು, ಎರಡರಿಂದಲೂ ತೀರ್ಮಾನವಾಗದಿದ್ದರೆ ಓದುವವನ ಇಷ್ಟ, ಎಂಬುದು ಅವನ ಸಲಹೆ.

ಕನ್ನಡದಲ್ಲೇ ಇದನ್ನು ಮಾಡಿ ನೋಡಬಹುದು. "ಕೂಗುವವನ ಧ್ವನಿ: ಅಡವಿಯಲ್ಲಿ ಕರ್ತನ ದಾರಿ ಸಿದ್ಧಮಾಡಿರಿ" ಎಂದು ಓದಿದರೆ ದಾರಿ ಅಡವಿಯಲ್ಲಿದೆ. "ಅಡವಿಯಲ್ಲಿ ಕೂಗುವವನ ಧ್ವನಿ: ಕರ್ತನ ದಾರಿ ಸಿದ್ಧಮಾಡಿರಿ" ಎಂದರೆ ಕೂಗುವವನು ಅಡವಿಯಲ್ಲಿದ್ದಾನೆ. ಯೆಶಾಯ 40:3ರ ಹೀಬ್ರೂ ಪಾಠ ಮೊದಲನೆಯದರ ಕಡೆ ವಾಲುತ್ತದೆ. ಸುವಾರ್ತೆಗಳು ಸ್ನಾನಿಕ ಯೋಹಾನನಿಗೆ ಹೊಂದಿಸಿ ಎರಡನೆಯದನ್ನು ಹಿಡಿದಿವೆ. ನಿಮ್ಮ ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ನಿಲ್ಲುವಲ್ಲೆಲ್ಲ ಒಂದು ಸಣ್ಣ ಗೀಟು ಹಾಕಿ. ಸಭೆಯಲ್ಲಿ ವಾಚನಕ್ಕೆ ನಿಲ್ಲುವ ಹುಡುಗ ಹುಡುಗಿಯರಿಗೂ ಹಿಂದಿನ ದಿನವೇ ಇದನ್ನು ಮಾಡಿಸಿದರೆ ಅರ್ಧ ಪ್ರಸಂಗ ಅಲ್ಲೇ ಆದಹಾಗೆ.

ಎರಡನೇ ಅನುವಾದ ಬೇಕಿರುವುದು ಹೋಲಿಕೆಗೆ. ಓರಿಗೆನ್ (ಸು. 185–254) ಹಳೆಯ ಒಡಂಬಡಿಕೆಯ ಹೀಬ್ರೂ ಪಾಠ, ಅದರ ಗ್ರೀಕ್ ಲಿಪ್ಯಂತರ, ನಾಲ್ಕು ಗ್ರೀಕ್ ಅನುವಾದ, ಹೀಗೆ ಆರು ಕಾಲಂ ಪಕ್ಕಪಕ್ಕ ಬರೆಸಿದ್ದ. ನಿಮಗೆ ಎರಡು ಕಾಲಂ ಸಾಕು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೀಟೆಳೆದು, ಎರಡು ಅನುವಾದ ಎಲ್ಲಿ ಬೇರೆಯಾಗುತ್ತವೋ ಆ ಪದಗಳನ್ನು ಮಾತ್ರ ಎದುರುಬದುರು ಬರೆದುಕೊಳ್ಳಿ. ಅಲ್ಲೇ ಪ್ರಶ್ನೆ ಹುಟ್ಟುತ್ತದೆ.

ಅಕ್ಷರಾರ್ಥ: ಇಲ್ಲಿ ಆತುರ ಬೇಡ

ಸಿರಿಯಾದ ಅಂತಿಯೋಕ್ಯದಲ್ಲಿ ನಾಲ್ಕನೇ ಶತಮಾನದ ಕೊನೆಗೆ ಬೆಳೆದ ಪರಂಪರೆ, ಅಂದರೆ ತಾರ್ಸದ ಡಯೊಡೋರ್, ಮೊಪ್ಸುಯೆಸ್ತಿಯದ ಥಿಯೊಡೋರ್, ಜಾನ್ ಕ್ರಿಸೊಸ್ಟೊಮ್ ಇವರದು, ಅಕ್ಷರಾರ್ಥದಲ್ಲಿ ಗಟ್ಟಿ. ಯಾರು ಯಾರಿಗೆ ಹೇಳಿದರು, ಯಾವ ಸಂದರ್ಭ, ಹಿಂದಿನ ಮಾತೇನು, ಈ ಪದ ಬೇರೆ ಕಡೆ ಹೇಗೆ ಬಂದಿದೆ ಎಂದು ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ಸಮಾರ್ಯದವನ ಕಥೆಗೆ ಈ ಪ್ರಶ್ನೆಗಳನ್ನು ಹಾಕಿದರೆ ಇಷ್ಟು ಸಿಗುತ್ತದೆ.

ದಾರಿ. ಯೆರೂಸಲೇಮಿನಿಂದ ಯೆರಿಕೋಗೆ ಸುಮಾರು 27ರಿಂದ 30 ಕಿಲೋಮೀಟರ್. ಚಿತ್ರದುರ್ಗದಿಂದ ಹೆದ್ದಾರಿಯಲ್ಲಿ ಹೊರಟು ಭರಮಸಾಗರ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಆದರೆ ಅಷ್ಟರಲ್ಲೇ ಸುಮಾರು 1,000 ಮೀಟರ್ ಇಳಿಯುತ್ತದೆ, ಬೋಳು ಗುಡ್ಡಗಳ ನಡುವೆ. ಕಳ್ಳರು ಅಲ್ಲಿ ಕಾಯುತ್ತಿದ್ದರೆಂದರೆ ಕೇಳುತ್ತಿದ್ದವರಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ಯಾಜಕ. ಹೆಣ ಮುಟ್ಟಿದರೆ ಮೈಲಿಗೆಯಾಗಿ ದೇವಾಲಯದ ಸೇವೆ ತಪ್ಪುತ್ತದೆಂದು ಹೆದರಿ ಪಕ್ಕಕ್ಕೆ ಸರಿದ ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. 31ನೇ ವಚನ ನಿಧಾನವಾಗಿ ಓದಿ: ಅವನೂ ಆ ದಾರಿಯಲ್ಲಿ *ಇಳಿದು* ಬರುತ್ತಿದ್ದಾನೆ. ದೇವಾಲಯವಿದ್ದ ಯೆರೂಸಲೇಮಿಗೆ ಬೆನ್ನು ಹಾಕಿ ಹೊರಟವನಿಗೆ ಮುಂದಿರುವ ಸೇವೆಯ ನೆಪ ಅಷ್ಟು ಸುಲಭವಾಗಿ ಕೂಡುವುದಿಲ್ಲ. ಅಕ್ಷರಾರ್ಥ ಅಂದರೆ ಇದು: ಒಂದು ಕ್ರಿಯಾಪದ ನೋಡಿದ್ದಕ್ಕೆ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು ಅಲುಗಾಡುತ್ತದೆ.

ಹಣ. ಸಮಾರ್ಯದವನು ಛತ್ರದವನಿಗೆ ಕೊಟ್ಟದ್ದು ಎರಡು ದಿನಾರಿ. ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಆಳಿಗೆ ದಿನಕ್ಕೆ ಒಂದು ದಿನಾರಿ ಕೂಲಿ. ಹಾಗಾದರೆ ಇದು ಎರಡು ದಿನದ ಕೂಲಿ. ನಿಮ್ಮೂರಿನ ಈಗಿನ ದಿನಗೂಲಿಗೆ ಗುಣಿಸಿ ಬೋರ್ಡ್ ಮೇಲೆ ಬರೆಯಿರಿ, ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಸಂದರ್ಭ. ಯೇಸುವನ್ನು ಪರೀಕ್ಷಿಸಲು ಬಂದ ಧರ್ಮಶಾಸ್ತ್ರಿ ಕೇಳಿದ್ದು "ನನ್ನ ನೆರೆಯವನು ಯಾರು" ಎಂದು. ಯೇಸು ಕೊನೆಗೆ ಕೇಳಿದ್ದು ಬಿದ್ದವನಿಗೆ ನೆರೆಯವನಾದವನು ಯಾರು ಎಂದು. ಪ್ರಶ್ನೆಯೇ ತಿರುಗಿದೆ. ಶಾಸ್ತ್ರಿಯ ಉತ್ತರದಲ್ಲಿ "ಸಮಾರ್ಯದವನು" ಎಂಬ ಹೆಸರೂ ಬರುವುದಿಲ್ಲ, "ದಯೆ ತೋರಿಸಿದವನು" ಎನ್ನುತ್ತಾನೆ ಅಷ್ಟೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇರಲಿಲ್ಲವೆಂದು ಯೋಹಾನ 4:9ರಲ್ಲೇ ಇದೆ. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಯಿಂದ ಬೆಳಗಿಸಿಕೊಳ್ಳುವುದು ಪಿತೃಗಳಿಗೆಲ್ಲ ರೂಢಿ. ಮಸುಕಾದ ಕಡೆಗೆ ಸ್ಪಷ್ಟವಾದ ಕಡೆಯಿಂದ ಬೆಳಕು ತರಬೇಕು, ತಿರುವುಮುರುವು ಮಾಡಬಾರದು ಎಂದು ಅಗಸ್ಟೀನ್ ಒತ್ತಿ ಹೇಳುತ್ತಾನೆ.

ತಯಾರಿಯ ಎರಡು ಗಂಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಇಲ್ಲೇ ಹೋಗಬೇಕು.

ಗೂಢಾರ್ಥಕ್ಕೆ ಕೈ ಹಾಕುವ ಮೊದಲು

ಲಿಯೋನ್ಸ್‌ನ ಐರೇನಿಯಸ್ 180ರ ಸುಮಾರಿಗೆ ಜ್ಞಾನವಾದಿಗಳ (ಗುಪ್ತಜ್ಞಾನದಿಂದಲೇ ರಕ್ಷಣೆ ಎನ್ನುತ್ತಿದ್ದವರ) ವಿರುದ್ಧ ಬರೆಯುತ್ತಾ ಒಂದು ಚಿತ್ರ ಕೊಡುತ್ತಾನೆ. ನುರಿತ ಕಲಾವಿದನೊಬ್ಬ ಬೆಲೆಬಾಳುವ ಹರಳು ಕೂಡಿಸಿ ರಾಜನ ಮುಖ ಮಾಡಿದ್ದಾನೆ. ಯಾರೋ ಬಂದು ಅವೇ ಹರಳು ಕಿತ್ತು ನರಿಯ ರೂಪಕ್ಕೆ ಜೋಡಿಸಿ, ಹರಳು ಅವೇ ಇವೆಯಲ್ಲ, ಇದೇ ರಾಜನ ಚಿತ್ರ ಎನ್ನುತ್ತಾನೆ. ವಚನಗಳೆಲ್ಲ ಸತ್ಯವೇದದವೇ ಆದರೂ ಜೋಡಣೆ ತಪ್ಪಾಗಬಹುದು. ಜೋಡಣೆ ನೋಡಿಕೊಳ್ಳಲು ಅವನು ಹಿಡಿದದ್ದು "ಸತ್ಯದ ನಿಯಮ": ಭೂಮ್ಯಾಕಾಶ ಮಾಡಿದ ಒಬ್ಬನೇ ದೇವರು, ನಮಗಾಗಿ ಮನುಷ್ಯನಾದ ಕ್ರಿಸ್ತ, ಪ್ರವಾದಿಗಳ ಮೂಲಕ ಮಾತಾಡಿದ ಪವಿತ್ರಾತ್ಮ, ಹೀಗೆ ದೀಕ್ಷಾಸ್ನಾನದಲ್ಲಿ ಒಪ್ಪಿಕೊಂಡ ವಿಶ್ವಾಸದ ಸಾರ. ಭಾನುವಾರ ನಾವು ಹೇಳುವ ವಿಶ್ವಾಸಪ್ರಮಾಣದ ಬೇರು ಅದು. ವಾಟ್ಸಾಪ್‌ನಲ್ಲಿ ಮೂರು ಪುಸ್ತಕದಿಂದ ಮೂರು ತುಂಡು ವಚನ ಹೊಲಿದು ಕಳಿಸುವ "ಭವಿಷ್ಯವಾಣಿ"ಗಳನ್ನು ಇದೇ ಅಳತೆಗೆ ಹಿಡಿದು ನೋಡಬಹುದು.

ಎರಡನೇ ಅಳತೆ ಅಗಸ್ಟೀನನದು: ನಿನ್ನ ವಿವರಣೆಯಿಂದ ದೇವರ ಪ್ರೀತಿ, ನೆರೆಯವನ ಪ್ರೀತಿ ಬೆಳೆಯದಿದ್ದರೆ ನಿನಗೆ ಆ ಭಾಗ ಇನ್ನೂ ಅರ್ಥವಾಗಿಲ್ಲ. ಆದರೆ ಈ ಅಳತೆಯನ್ನೇ ನೆಪ ಮಾಡಿಕೊಂಡು ಬರೆದವನ ಉದ್ದೇಶ ಬಿಡಲು ಅವನು ಒಪ್ಪುವುದಿಲ್ಲ. ಬೇರೆ ಅರ್ಥ ಹೇಳಿಯೂ ಪ್ರೀತಿಗೇ ತಂದು ಮುಟ್ಟಿಸುವವನು ದಾರಿ ತಪ್ಪಿ ಹೊಲದ ನಡುವೆ ನಡೆದು ಅದೇ ಊರು ಸೇರಿದವನಂತೆ. ಅವನನ್ನೂ ತಿದ್ದಬೇಕು, ಇಲ್ಲವಾದರೆ ದಾರಿ ಬಿಡುವುದೇ ಅಭ್ಯಾಸವಾಗಿ ಒಂದು ದಿನ ಬೇರೆಲ್ಲೋ ಹೋಗಿ ನಿಲ್ಲುತ್ತಾನೆ ಎನ್ನುತ್ತಾನೆ.

ಮೂರನೆಯದು: ಗೂಢಾರ್ಥದ ಮೇಲೆ ಉಪದೇಶ ಕಟ್ಟಬೇಡಿ. ಉತ್ತರ ಆಫ್ರಿಕದ ಸಭೆಯಿಂದ ಒಡೆದುಹೋದ ಡೊನಾಟಿಸ್ಟರೊಡನೆ ನಡೆಸಿದ ಪತ್ರವಾದದಲ್ಲಿ ಅಗಸ್ಟೀನ್ ಇದನ್ನೇ ಹೇಳಿದ್ದು. ಸ್ಪಷ್ಟವಾದ ವಚನದ ಆಧಾರ ಬೇರೆ ಕಡೆ ಇಲ್ಲದೆ ರೂಪಕಾರ್ಥವನ್ನು ತನ್ನ ಪರ ಸಾಕ್ಷಿ ಮಾಡುವುದು ನಾಚಿಕೆಗೇಡು.

ಗೂಢಾರ್ಥ ಹೇಳುವ ಬಗೆ

ಇದನ್ನು ಪಿತೃಗಳು ಕಟ್ಟಿಕೊಂಡದ್ದಲ್ಲ, ಹೊಸ ಒಡಂಬಡಿಕೆಯಲ್ಲೇ ಇದೆ. ಆದಾಮನು ಬರಬೇಕಾದವನಿಗೆ ಮುಂಗುರುತು (ರೋಮಾ 5:14), ಅಡವಿಯ ಬಂಡೆ ಕ್ರಿಸ್ತನು (1 ಕೊರಿಂಥ 10:4), ಅಬ್ರಹಾಮನ ದಾಸಿ ಹಾಗರ, ಹೆಂಡತಿ ಸಾರಾ ಎರಡು ಒಡಂಬಡಿಕೆಗಳು (ಗಲಾತ್ಯ 4), ಜಲಪ್ರಳಯವು ದೀಕ್ಷಾಸ್ನಾನದ ಗುರುತು (1 ಪೇತ್ರ 3:20–21). ಹೊಸ ಶಿಕ್ಷಕರು ಮೊದಲ ಆರು ತಿಂಗಳು ಈ ರೀತಿ ಗ್ರಂಥದಲ್ಲೇ ಇರುವ ಮುಂಗುರುತುಗಳನ್ನು ಮಾತ್ರ ಬಳಸುವುದು ಕ್ಷೇಮ.

ಅದರಾಚೆ ಹೋಗುವುದಾದರೆ ಓರಿಗೆನನ ಸಮಾರ್ಯದವನನ್ನು ನೋಡಿ. ಲೂಕನ ಮೇಲಿನ ತನ್ನ ಪ್ರಸಂಗದಲ್ಲಿ ಒಬ್ಬ ಹಿರಿಯನಿಂದ ಬಂದ ವಿವರಣೆ ಎಂದು ಅವನು ಇದನ್ನು ಹೇಳುತ್ತಾನೆ. ಇಳಿದು ಹೋದವನು ಆದಾಮ, ಯೆರೂಸಲೇಮ್ ಪರದೈಸು, ಯೆರಿಕೋ ಈ ಲೋಕ, ಕಳ್ಳರು ದುಷ್ಟಶಕ್ತಿಗಳು, ಯಾಜಕ ಧರ್ಮಶಾಸ್ತ್ರ, ಲೇವಿಯ ಪ್ರವಾದಿಗಳು, ಸಮಾರ್ಯದವನು ಕ್ರಿಸ್ತ, ಛತ್ರ ಸಭೆ, ಮತ್ತೆ ಬರುತ್ತೇನೆಂಬ ಮಾತು ಎರಡನೇ ಬರೋಣ. ಎರಡು ನಾಣ್ಯ ಅವನಿಗೆ ತಂದೆ ಮತ್ತು ಮಗನ ಅರಿವು. ಅಗಸ್ಟೀನನಿಗೆ ಅವೇ ನಾಣ್ಯಗಳು ಪ್ರೀತಿಯ ಎರಡು ಆಜ್ಞೆ, ಛತ್ರದವನು ಪೌಲ.

ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ನಮ್ಮ ಅಭಿಪ್ರಾಯ ಇಷ್ಟು. ಬಿದ್ದವನನ್ನು ಎತ್ತಿದವನಲ್ಲಿ ಕ್ರಿಸ್ತನ ಮುಖ ಕಾಣುವುದಕ್ಕೆ ಕಥೆಯ ಮೈಯೇ ಒಪ್ಪುತ್ತದೆ, ಅದನ್ನು ಧೈರ್ಯವಾಗಿ ಹೇಳಿ. ನಾಣ್ಯದ ವಿಷಯದಲ್ಲಿ ಇಬ್ಬರು ಘಟಾನುಘಟಿಗಳೇ ಬೇರೆ ಬೇರೆ ಹೇಳಿರುವಾಗ ಆ ಅರ್ಥ ನಾಣ್ಯದಲ್ಲಿಲ್ಲ, ನೋಡುವವರ ಭಕ್ತಿಯಲ್ಲಿದೆ. "ಹಳೆಯ ಕಾಲದಲ್ಲಿ ಹೀಗೂ ಧ್ಯಾನಿಸುತ್ತಿದ್ದರು" ಎಂದು ದೊಡ್ಡವರ ಕೂಟದಲ್ಲಿ ಹೇಳಬಹುದು. 12 ವರ್ಷದ ಕೆಳಗಿನ ಮಕ್ಕಳಿಗೆ ಬೇಡವೇ ಬೇಡ. ಪಟ್ಟಿ ಬಾಯಿಪಾಠವಾಗುತ್ತದೆ, ದಾರಿಯಲ್ಲಿ ಬಿದ್ದ ಮನುಷ್ಯ ಮಾಯವಾಗುತ್ತಾನೆ. ಥಿಯೊಡೋರನ ದೂರೂ ಇದೇ ಆಗಿತ್ತು. ಗಲಾತ್ಯದ ವ್ಯಾಖ್ಯಾನದಲ್ಲಿ, ಪೌಲ ಹಾಗರಳ ಕಥೆಯನ್ನು ಅಳಿಸಲಿಲ್ಲ, ನಡೆದದ್ದು ನಡೆಯಿತೆಂದು ಇಟ್ಟುಕೊಂಡೇ ಹೋಲಿಸಿದ. ನೀವೋ ಗ್ರಂಥದ ಚರಿತ್ರೆಯನ್ನು ರಾತ್ರಿಯ ಕನಸಿನಂತೆ ಮಾಡುತ್ತೀರಿ ಎಂದು ಎಲ್ಲಕ್ಕೂ ಗೂಢಾರ್ಥ ಹಚ್ಚುವವರ ಮೇಲೆ ರೇಗುತ್ತಾನೆ. (ವಿಚಿತ್ರ ಎಂದರೆ 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಖಂಡನೆಯಲ್ಲಿ ಥಿಯೊಡೋರ್, ಓರಿಗೆನ್ ಇಬ್ಬರ ಹೆಸರೂ ಇವೆ. ಯಾರನ್ನೂ ಇಡಿಯಾಗಿ ನುಂಗಬೇಕಾಗಿಲ್ಲ.)

ಓರಿಗೆನ್ ಒಂದು ಕಡೆ ತುಂಬಾ ಉಪಯೋಗಕ್ಕೆ ಬರುತ್ತಾನೆ. "ಟೀಚರ್, ಸೂರ್ಯನನ್ನು ಮಾಡಿದ್ದು ನಾಲ್ಕನೇ ದಿನ ಅಂದ್ರೆ ಮೊದಲ ಮೂರು ದಿನ ಬೆಳಿಗ್ಗೆ ಸಂಜೆ ಹೇಗಾಯ್ತು?" ಎಂದು ಹೈಸ್ಕೂಲ್ ಹುಡುಗ ಕೇಳಿಯೇ ಕೇಳುತ್ತಾನೆ. ಗದರಿಸಬೇಡಿ. ಓರಿಗೆನ್ ಇದೇ ಪ್ರಶ್ನೆ ಎತ್ತಿ, ಅಕ್ಷರದಲ್ಲಿ ಇಂಥ ಎಡವುಗಲ್ಲುಗಳನ್ನು ದೇವರೇ ಇಟ್ಟಿದ್ದಾನೆ, ಎಡವಿದವನು ಒಳಗಿನ ಅರ್ಥ ಹುಡುಕಲಿ ಎಂದು, ಎಂದು ಹೇಳಿದ. ಕೈಸರೈಯದ ಬೆಸಿಲ್ ಅದೇ ಸೃಷ್ಟಿಯ ಭಾಗದ ಮೇಲೆ ಒಂಬತ್ತು ಪ್ರಸಂಗ ಮಾಡಿದಾಗ, ಹುಲ್ಲು ಅಂದರೆ ನನಗೆ ಹುಲ್ಲೇ ಎಂದ. ಎರಡನ್ನೂ ಆ ಹುಡುಗನ ಮುಂದಿಡಿ. ಅವನ ಪ್ರಶ್ನೆಗೆ 1,800 ವರ್ಷ ವಯಸ್ಸಾಗಿದೆಯೆಂದು ತಿಳಿದರೆ ಅವನೇ ಹಿಗ್ಗುತ್ತಾನೆ.

ಕೀರ್ತನೆಗಳಿಗೆ ಜಾನ್ ಕ್ಯಾಸಿಯನ್ (ಸು. 360–435) ಕೊಟ್ಟ ನಾಲ್ಕು ಮೆಟ್ಟಿಲು ಚೆನ್ನಾಗಿ ಹೊಂದುತ್ತದೆ. ಯೆರೂಸಲೇಮ್ ಎಂದರೆ ಚರಿತ್ರೆಯಲ್ಲಿ ಯೆಹೂದ್ಯರ ಪಟ್ಟಣ, ರೂಪಕದಲ್ಲಿ ಕ್ರಿಸ್ತನ ಸಭೆ, ಮುಂದಿನ ನಿರೀಕ್ಷೆಯಲ್ಲಿ ಪರಲೋಕದ ಪಟ್ಟಣ, ನಡತೆಯ ವಿಷಯದಲ್ಲಿ ಮನುಷ್ಯನ ಆತ್ಮ. ಕೀರ್ತನೆ 48ನ್ನು ತೆಗೆದುಕೊಳ್ಳಿ. ಚೀಯೋನನ್ನು (ಅಂದರೆ ಯೆರೂಸಲೇಮನ್ನು) ಸುತ್ತಿ ಬುರುಜು ಎಣಿಸಿರಿ, ಪೌಳಿಗೋಡೆ ನೋಡಿರಿ ಎನ್ನುತ್ತದೆ. ದುರ್ಗದ ಮಕ್ಕಳಿಗೆ ಮೊದಲ ಮೆಟ್ಟಿಲು ವಿವರಿಸಬೇಕಾದ್ದೇ ಇಲ್ಲ. ಏಳು ಸುತ್ತಿನ ಕೋಟೆ, ಒಳಗಿನ ಹೊಂಡಗಳು, ಮುತ್ತಿಗೆ ಬಿದ್ದಾಗ ನೀರು ಯಾಕೆ ಮುಖ್ಯ ಎಲ್ಲ ಕಣ್ಣೆದುರಿಗಿದೆ. ನಾಲ್ಕೂ ಮೆಟ್ಟಿಲನ್ನು ಪ್ರತಿ ಭಾಗಕ್ಕೂ ಹಚ್ಚಲು ಹೋಗಬೇಡಿ. ಸಮಾರ್ಯದವನ ಕಥೆಗೆ ಎರಡು ಸಾಕು.

ಮಕ್ಕಳಿಗೆ: ಕ್ರಿಸೊಸ್ಟೊಮನ ವಿಧಾನ

ಮಕ್ಕಳನ್ನು ಬೆಳೆಸುವ ಬಗ್ಗೆ ಕ್ರಿಸೊಸ್ಟೊಮ್ ಬರೆದ ಚಿಕ್ಕ ಗ್ರಂಥದಲ್ಲಿ ಕಥೆ ಹೇಳುವ ಕ್ರಮ ಅಡುಗೆ ಹೇಳಿಕೊಟ್ಟಷ್ಟು ಬಿಡಿಬಿಡಿಯಾಗಿದೆ. ರಾತ್ರಿ ಊಟದ ಹೊತ್ತಿಗೆ, ಮಗು ದಿನದ ಓದಿನಿಂದ ಬಿಡುವಾದಾಗ, ತಂದೆ ಕಾಯಿನ ಹೇಬೆಲರ ಕಥೆ ಹೇಳಬೇಕು. ಒಬ್ಬ ತಂದೆಗೆ ಇಬ್ಬರು ಮಕ್ಕಳಿದ್ದರು, ಅಣ್ಣ ಹೊಲ ಮಾಡುತ್ತಿದ್ದ, ತಮ್ಮ ಕುರಿ ಹೊಡೆದುಕೊಂಡು ಹೋಗುತ್ತಿದ್ದ, ಹೀಗೆ ಸವಿಯಾಗಿ. ನೀತಿ ಈಗಲೇ ಹೇಳಬಾರದು. ಇನ್ನೊಂದು ರಾತ್ರಿ ಅದೇ ಕಥೆ ಮತ್ತೆ. ಆಮೇಲೆ ಮಗುವಿಗೆ, ಆ ಇಬ್ಬರು ಅಣ್ಣತಮ್ಮಂದಿರ ಕಥೆ ನೀನು ಹೇಳು ನೋಡೋಣ ಎನ್ನಬೇಕು. ಅದು ಪೂರ್ತಿ ಬಂದ ಮೇಲೆಯೇ ಹೊಟ್ಟೆಕಿಚ್ಚಿನ ಮಾತು, ದೇವರಿಗೆ ಕಾಣದ್ದು ಯಾವುದೂ ಇಲ್ಲವೆಂಬ ಮಾತು. ಅದು ಗಟ್ಟಿಯಾದ ಮೇಲೆ ಯಾಕೋಬ ಏಸಾವರ ಕಥೆ. ಕೊನೆಗೆ ಆ ಭಾಗ ಸಭೆಯಲ್ಲಿ ಓದುವ ದಿನ ಮಗುವಿನ ಕೈಹಿಡಿದು ಕರೆದುಕೊಂಡು ಹೋಗು. ಬೇರೆಯವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂದು ಅದು ಕುಣಿಯುತ್ತದೆ ಎನ್ನುತ್ತಾನೆ.

ನಮ್ಮ ತರಗತಿಗೆ ಇದನ್ನು ಎರಡು ಭಾನುವಾರಕ್ಕೆ ಹಂಚಿಕೊಳ್ಳಿ. ಮೊದಲ ವಾರ ಪುಸ್ತಕ ಮುಚ್ಚಿ 8ರಿಂದ 10 ನಿಮಿಷದ ಕಥೆ, ಆಮೇಲೆ ಪುಸ್ತಕ ತೆರೆದು ಅದೇ ಭಾಗದ ವಾಚನ, ಅಷ್ಟೆ. ಎರಡನೇ ವಾರ "ಹೇಳಪ್ಪಾ, ಮೊದಲು ಏನಾಯ್ತು? ನೀ ಹೇಳವ್ವಾ, ಆಮೇಲೆ?" ಎಂದು ಮೂವರು ನಾಲ್ವರಿಂದ ಸರಪಳಿಯಾಗಿ ಹೇಳಿಸಿ. ತಪ್ಪಿದ ಕಡೆ ನಡುವೆ ಬಾಯಿ ಹಾಕದೆ ಮುಗಿದ ಮೇಲೆ ತಿದ್ದಿ. ನೀತಿ ಕೊನೆಯ ಐದು ನಿಮಿಷಕ್ಕೆ. ಮಗು ಮರಳಿ ಹೇಳಲಾಗದೆ ತಡವರಿಸಿದರೆ ಕಥೆಯಲ್ಲಿ ಹೆಸರು ಹೆಚ್ಚಾಗಿದೆ ಎಂದರ್ಥ. ಮೊದಲ ಸಲ ಎರಡು ಹೆಸರಿಗಿಂತ ಹೆಚ್ಚು ಬೇಡ.

ಸ್ಥಳೀಯ ಬಣ್ಣ ಹಾಕುವಾಗ ಸ್ವಲ್ಪ ಎಚ್ಚರ. ಚಳ್ಳಕೆರೆ ಕಡೆಯ ಮಕ್ಕಳಿಗೆ ಕುರಿಹಟ್ಟಿ ಗೊತ್ತು, ಹೇಬೆಲನ ಹಿಂಡು ಸಲೀಸು. ಕಾಯಿನನ ಹೊಲದಲ್ಲಿ ಮಾತ್ರ ಮೆಕ್ಕೆಜೋಳ ಬೆಳೆಸಬೇಡಿ, ಅದು ಅಮೆರಿಕದಿಂದ ಬಂದ ಬೆಳೆ. "ಹೊಲದ ಫಲ" ಎಂದು ಗ್ರಂಥದಲ್ಲಿರುವುದೇ ಸಾಕು.

ಹೆದರಿಕೆಯ ಕಥೆಗಳಿಗೂ ಕ್ರಿಸೊಸ್ಟೊಮ್ ವಯಸ್ಸು ಕಟ್ಟಿದ್ದಾನೆ. ಜಲಪ್ರಳಯ, ಸೊದೋಮ್ ಎಂಟು ಹತ್ತು ವರ್ಷದ ಹೊತ್ತಿಗೆ, ನರಕದ ಮಾತು 15 ದಾಟಿದ ಮೇಲೆ. ರಜಾಕಾಲದ ಮಕ್ಕಳ ಶಿಬಿರದಲ್ಲಿ ಆರು ವರ್ಷದವರಿಗೆ ಬೆಂಕಿಕೆರೆ ತೋರಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹೊಸದಾಗಿ ಬಂದ ದೊಡ್ಡವರಿಗೆ

ಕಾರ್ಥೇಜಿನ ಧರ್ಮಸೇವಕ ಡಿಯೊಗ್ರಾಸಿಯಸ್, ನನ್ನ ಪಾಠ ನನಗೇ ಬೇಜಾರು ತರುತ್ತದೆ ಏನು ಮಾಡಲಿ ಎಂದು ಕೇಳಿದ್ದಕ್ಕೆ 400ರ ಸುಮಾರಿಗೆ ಅಗಸ್ಟೀನ್ ಒಂದು ಪುಸ್ತಕವನ್ನೇ ಉತ್ತರವಾಗಿ ಬರೆದ. ನನ್ನ ಮಾತೂ ನನಗೆ ಹೆಚ್ಚುಕಡಿಮೆ ಯಾವಾಗಲೂ ಹಿಡಿಸುವುದಿಲ್ಲ ಎಂದೇ ಶುರುಮಾಡುತ್ತಾನೆ.

ಅವನ ಪ್ರಕಾರ ಹೊಸಬರಿಗೆ ಮೊದಲ ಪಾಠ ಬಿಡಿ ವಚನಗಳಲ್ಲ, ಇಡೀ ಕಥೆ: "ಆದಿಯಲ್ಲಿ ದೇವರು" ಎಂಬಲ್ಲಿಂದ ಈಗಿನ ಸಭೆಯವರೆಗೆ. ಎಲ್ಲವನ್ನೂ ಒಪ್ಪಿಸಬಾರದು. ಅಚ್ಚರಿಯ ಕೆಲವು ಜಾಗಗಳನ್ನು ಆರಿಸಿ, ಸುರುಳಿ ತೋರಿಸಿ ಕಸಿದುಕೊಂಡ ಹಾಗೆ ಮಾಡದೆ ಬಿಚ್ಚಿ ಹರಡಿ ನೋಡಲು ಬಿಡಬೇಕು. ಉಳಿದದ್ದನ್ನು ಬೇಗ ದಾಟಬೇಕು. ಗೂಟಗಳು ಆರು: ಆದಾಮನಿಂದ ನೋಹ, ನೋಹನಿಂದ ಅಬ್ರಹಾಮ, ಅಬ್ರಹಾಮನಿಂದ ದಾವೀದ, ದಾವೀದನಿಂದ ಬಾಬೆಲಿನ ಸೆರೆ, ಸೆರೆಯಿಂದ ಕ್ರಿಸ್ತ, ಕ್ರಿಸ್ತನಿಂದ ಕಡೇ ದಿನ. ಒಂದು ಹಾಳೆಯಲ್ಲಿ ಆರು ಸಾಲು ಬರೆದು, ಸಾಲಿಗೆ ಒಂದೇ ಘಟನೆ ಆರಿಸಿಕೊಳ್ಳಿ. 40 ನಿಮಿಷಕ್ಕೆ ಅಷ್ಟೇ ಹಿಡಿಯುತ್ತದೆ. ಬಂದವರು ಓದಿದವರಾದರೆ, ಏನೇನು ಓದಿದ್ದೀರಿ ಎಂದು ಮೊದಲೇ ಕೇಳಿ. ಗೊತ್ತಿರುವುದನ್ನೇ ಕಲಿಸಿ ಅವರ ತಾಳ್ಮೆ ಪರೀಕ್ಷಿಸಬೇಡಿ.

ಬೇಸರಕ್ಕೆ ಆರು ಕಾರಣ ಕೊಟ್ಟಿದ್ದಾನೆ. ಶಿಕ್ಷಕರನ್ನು ಹೆಚ್ಚು ಕಾಡುವುದು ಗೊತ್ತಿರುವ ಕಥೆಯನ್ನೇ ನೂರನೇ ಸಲ ಹೇಳುವ ಬೇಸರ. ಅದಕ್ಕೆ ಅವನ ಮದ್ದು: ದಿನಾ ಓಡಾಡುವ ಊರು ನಮಗೆ ಸಪ್ಪೆ, ಹೊರಗಿನಿಂದ ಬಂದ ನೆಂಟರಿಗೆ ತೋರಿಸುವಾಗ ಅವರ ಕಣ್ಣಿನಿಂದ ನಮಗೂ ಹೊಸದಾಗುತ್ತದೆ. ದುರ್ಗದಲ್ಲಿ ಹುಟ್ಟಿ ನೆಂಟರು ಬಂದಾಗ ಮಾತ್ರ ಕೋಟೆ ಹತ್ತುವವರಿಗೆ ಇದಕ್ಕಿಂತ ವಿವರಣೆ ಬೇಡ. ಕೇಳುವವನು ಆಕಳಿಸಿದರೆ ಬೈಯಬೇಡ, ನಗು ತರುವಂಥದೋ ಅಚ್ಚರಿಯದೋ ಒಂದು ಮಾತು ಹೇಳು, ಇಲ್ಲವೇ ಕುರ್ಚಿ ಕೊಟ್ಟು ಕೂರಿಸು ಎಂದೂ ಇದೆ. ಆಗ ಜನ ನಿಂತೇ ಕೇಳುತ್ತಿದ್ದರು. ನಮ್ಮಲ್ಲಿ ಕೂರಿಸಿದ್ದಾಗಿದೆ, ಏಪ್ರಿಲ್‌ನ ಬಿಸಿಲಿಗೆ ಶೀಟಿನ ಹಾಲ್‌ನಲ್ಲಿ ಮಧ್ಯಾಹ್ನ ಕೂಟ ಇಟ್ಟಿದ್ದರೆ ಅದನ್ನು ಬೆಳಿಗ್ಗೆಗೆ ತನ್ನಿ.

ಹೊತ್ತಿನ ಲೆಕ್ಕ ಬೆಸಿಲನಿಗೂ ಇತ್ತು. ಅವನ ಮುಂದೆ ಕೈಕಸುಬಿನವರು, ದಿನದ ದುಡಿಮೆಯಲ್ಲೇ ಹೊಟ್ಟೆ ಹೊರೆಯುವವರು ಕೂಡಿದ್ದರು. ಇವರ ಕೆಲಸ ಕೆಡಿಸಬಾರದು, ಚಿಕ್ಕದಾಗಿ ಮುಗಿಸುತ್ತೇನೆ ಎಂದು ಪ್ರಸಂಗದಲ್ಲೇ ಹೇಳುತ್ತಾನೆ. ಅಂಗಡಿ, ಗ್ಯಾರೇಜು, ಮಂಡಕ್ಕಿ ಭಟ್ಟಿಗಳಿಂದ ಬರುವವರಿರುವ ದಾವಣಗೆರೆಯ ವಾರದ ಕೂಟ 30 ನಿಮಿಷ ಮೀರಬಾರದು.

ಭಾಷೆ. ಯೆರೂಸಲೇಮಿನ ಬಿಷಪರಿಗೆ ಸಿರಿಯಾಕ್ ಬರುತ್ತಿದ್ದರೂ ಗ್ರೀಕ್‌ನಲ್ಲೇ ಮಾತಾಡುತ್ತಿದ್ದರು, ಪಕ್ಕದಲ್ಲಿ ನಿಂತ ಗುರು ಸಿರಿಯಾಕ್‌ಗೆ ತಿರುಗಿಸುತ್ತಿದ್ದ, ಲ್ಯಾಟಿನ್‌ನವರಿಗೆ ಎರಡೂ ಬಲ್ಲ ಸೋದರ ಸೋದರಿಯರು ಹೇಳುತ್ತಿದ್ದರು ಎಂದು ಎಜೀರಿಯಾ ಬರೆದಿದ್ದಾಳೆ. ಮನೆಯಲ್ಲಿ ತಮಿಳು, ತೆಲುಗು, ಕೊಂಕಣಿ, ತಾಂಡಾದಲ್ಲಿ ಲಂಬಾಣಿ ಆಡುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಕಥೆಯನ್ನು ಅವರ ಮಾತಿನಲ್ಲಿ ಮರಳಿ ಹೇಳಬಲ್ಲ ಒಬ್ಬರನ್ನು ಹಿಂದಿನ ದಿನವೇ ತಯಾರು ಮಾಡಿ. ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ತಿರುಗಿಸಿದರೆ ಕಥೆ ಕುಂಟುತ್ತದೆ. ಒಂದೊಂದು ಘಟ್ಟಕ್ಕೆ ನಿಲ್ಲಿಸಿ.

ಹಾಡು, ಮನೆಯ ಓದು, ಒಂದು ಎಚ್ಚರಿಕೆ

ಎದೆಸ್ಸಾದ ಎಫ್ರೇಮ್ (ಸು. 306–373) ಉಪದೇಶವನ್ನೆಲ್ಲ ಪಲ್ಲವಿಯುಳ್ಳ ಹಾಡು ಮಾಡಿ ಹೆಂಗಸರ ಮೇಳಕ್ಕೆ ಕಲಿಸಿದ. ನಮ್ಮಲ್ಲಿ ಭಜನೆ, ತತ್ವಪದ, ಸೋಬಾನೆಯ ಧಾಟಿಗಳಿಗೆ ಬರವಿಲ್ಲ. ಪಲ್ಲವಿಯಲ್ಲಿ ಪಾಠದ ಒಂದೇ ಮಾತು, ನುಡಿಗೊಂದು ಘಟನೆ, ನಾಲ್ಕು ನುಡಿ ಮೀರದಂತೆ ಕಟ್ಟಿ. ಸಿನಿಮಾ ಧಾಟಿ ಹಿಡಿದರೆ ಮಕ್ಕಳ ಬಾಯಲ್ಲಿ ಉಳಿಯುವುದು ಸಿನಿಮಾದ ಸಾಲೇ.

ಮುಂದಿನ ವಾರದ ಭಾಗ ಯಾವುದೆಂದು ಬುಧವಾರದೊಳಗೆ ತಿಳಿಸಿಬಿಡಿ. ಕ್ರಿಸೊಸ್ಟೊಮ್ ಜನರಿಗೆ ಮೊದಲೇ ಮನೆಯಲ್ಲಿ ಓದಿಕೊಂಡು ಬನ್ನಿ ಎನ್ನುತ್ತಿದ್ದ. ಪುಸ್ತಕ ಕೊಳ್ಳಲು ದುಡ್ಡಿಲ್ಲ ಎಂದವರಿಗೆ, ಎಷ್ಟೇ ಬಡವರಾದರೂ ಕಸುಬಿನ ಉಪಕರಣ ಮಾತ್ರ ಇಟ್ಟುಕೊಂಡಿದ್ದೀರಲ್ಲ ಎಂದು ಕೇಳುತ್ತಿದ್ದ. ಓದಿಕೊಂಡು ಬಂದರೂ ಎಲ್ಲರೂ ಕೇಳುತ್ತಾರೆಂದಿಲ್ಲ. ವಾಚನ ಮುಗಿಯುತ್ತಲೇ ಎದ್ದು ಹೋಗುವವರು, ಮೂಲೆಯಲ್ಲಿ ಕೂತು ಲೋಕಾಭಿರಾಮ ಮಾತಾಡುವವರು ಓರಿಗೆನನ ಸಭೆಯಲ್ಲೂ ಇದ್ದರು, ಅವನೇ ಬೈದಿದ್ದಾನೆ.

ಎಚ್ಚರಿಕೆ ಯೆಹೂದ್ಯರ ಕುರಿತದ್ದು. ಯಾಜಕನನ್ನೂ ಲೇವಿಯನನ್ನೂ ಇಡೀ ಒಂದು ಜನಾಂಗದ ಚಿತ್ರ ಮಾಡಿಬಿಡುವುದು ಸುಲಭ. ಕ್ರಿಸೊಸ್ಟೊಮ್ 386–387ರಲ್ಲಿ ಅಂತಿಯೋಕ್ಯದಲ್ಲಿ ಮಾಡಿದ ಪ್ರಸಂಗಗಳಲ್ಲಿ ಯೆಹೂದ್ಯರ ಮೇಲೆ ಹರಿಹಾಯ್ದಿದ್ದಾನೆ, ಮುಂದೆ ಅದು ಬಹಳ ಕೇಡಿಗೆ ಬಳಕೆಯಾಯಿತು. ವಿಧಾನ ತೆಗೆದುಕೊಳ್ಳಿ, ಆ ಬೈಗುಳ ಅಲ್ಲೇ ಬಿಡಿ. ಯೇಸುವೂ ಆ ಶಾಸ್ತ್ರಿಯೂ ಯೆಹೂದ್ಯರೇ, ಅವರು ಒಪ್ಪಿಕೊಂಡ ಎರಡು ಆಜ್ಞೆಗಳೂ ಮೋಶೆಯ ಗ್ರಂಥದವೇ ಎಂದು ತರಗತಿಯಲ್ಲಿ ಬಾಯಿಬಿಟ್ಟು ಹೇಳಿ.

ವರ್ಷದ ಓದಿಗೆ ಯಾವ ಪುಸ್ತಕ ಮೊದಲು ಎಂದು ಕೇಳುವವರಿಗೆ, ಜೆರೋಮ್ 403ರ ಸುಮಾರಿಗೆ ಲೇಟಾ ಎಂಬ ತಾಯಿಗೆ ಮಗಳ ಓದಿನ ಬಗ್ಗೆ ಬರೆದ ಪತ್ರದಲ್ಲಿ ಒಂದು ಪಟ್ಟಿ ಇದೆ: ಕೀರ್ತನೆಗಳು, ಜ್ಞಾನೋಕ್ತಿ, ಪ್ರಸಂಗಿ, ಯೋಬ, ಆಮೇಲೆ ಕೈಬಿಡದಂತೆ ಸುವಾರ್ತೆಗಳು, ಅಪೊಸ್ತಲರ ಕೃತ್ಯಗಳು, ಪತ್ರಿಕೆಗಳು, ಪ್ರವಾದಿಗಳು, ಆದಿಕಾಂಡದಿಂದ ಏಳು ಪುಸ್ತಕ, ಅರಸುಗಳು, ಪೂರ್ವಕಾಲವೃತ್ತಾಂತ, ಎಜ್ರ, ಎಸ್ತೇರ್, ಎಲ್ಲ ಮುಗಿದ ಮೇಲೆ ಪರಮಗೀತ. ಸಂಡೇ ಸ್ಕೂಲಿಗೆ ಇದನ್ನು ಹಾಗೇ ಹಚ್ಚಬೇಡಿ, ಪ್ರಸಂಗಿ ಹತ್ತು ವರ್ಷದವರ ಕೈಗೆ ಭಾರ. ಜೂನ್‌ನಿಂದ ಆಗಸ್ಟ್ ಹತ್ತು ಕೀರ್ತನೆ, ಅಲ್ಲಿಂದ ಕ್ರಿಸ್ಮಸ್‌ವರೆಗೆ ಲೂಕ, ಜನವರಿಯಿಂದ ಪರೀಕ್ಷೆ ಶುರುವಾಗುವ ತನಕ ಆದಿಕಾಂಡ ಎಂದು ಇಟ್ಟುಕೊಂಡರೆ ಶಾಲೆಯ ವರ್ಷಕ್ಕೆ ಸರಿಹೋಗುತ್ತದೆ.